ಓರೆ ನಿಂತ ದುಂಡಕ್ಷರ

ಬಸ್ಸಿನಲ್ಲಿ ಕೂತರೆ ಕೆಲವರಿಗೆ ನಿದ್ದೆ ಬರುತ್ತದೆ. ಕೆಲವರಿಗೆ ಮುಂದಿನ ಸೀಟಿನವರ ಕೊರಳಿನ ಸರ ಎಷ್ಟು ತೊಲೆಯದಿರಬಹುದೆಂಬ ಲೆಕ್ಕ ಹತ್ತುತ್ತದೆ. ನನಗೆ ಬೋರ್ಡು ಓದುವ ಚಟ. ಚಟವೆಂದರೆ ಏನು ಬರೆದಿದೆ ಎಂದು ಓದುವುದಷ್ಟೇ ಅಲ್ಲ, ಹೇಗೆ ಬರೆದಿದೆ ಎಂದು ನೋಡುವುದು. ಕಿರಾಣಿ ಅಂಗಡಿಯ 'ಕಿ' ತನ್ನ ಗುಡಿಸನ್ನು ಎಷ್ಟು ದೊಡ್ಡದಾಗಿ ಸುತ್ತಿಕೊಂಡಿದೆ, ಝೆರಾಕ್ಸ್ ಅಂಗಡಿಯವನ 'ಝ'ಕ್ಕೆ ಜಾಗ ಸಾಲದೆ ಹೇಗೆ ಗೋಡೆಗೆ ಒರಗಿದೆ, ಇಂಥವು. ಭಾಲ್ಕಿಯಿಂದ ಮೆಹಕರಕ್ಕೆ ಹೋಗುವ ದಾರಿ ಈ ಚಟಕ್ಕೆ ಹೇಳಿ ಮಾಡಿಸಿದ್ದು. ಬೀದರ ಜಿಲ್ಲೆಯ ಈ ಮೂಲೆಯಲ್ಲಿ ಒಂದೇ ಹೆಸರನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಮೆಹಕರ ಎಂಬ ನಾಲ್ಕಕ್ಷರವನ್ನೇ ತೆಗೆದುಕೊಳ್ಳಿ. ಮರಾಠಿಯಲ್ಲಿ ಬರೆದರೆ ಒಂದು ಉದ್ದ ಗೆರೆಗೆ ನಾಲ್ಕೂ ಅಕ್ಷರ ಒಣಹಾಕಿದ ಬಟ್ಟೆಯಂತೆ ತೂಗುತ್ತವೆ. ಉರ್ದುವಿನಲ್ಲಿ ಒಂದರ ಕೈ ಒಂದು ಹಿಡಿದು ಬಲದಿಂದ ಎಡಕ್ಕೆ ಇಳಿಜಾರಿನಲ್ಲಿ ಇಳಿದು ಬರುತ್ತವೆ. ಕನ್ನಡದಲ್ಲಿ ಮಾತ್ರ ಒಂದೊಂದೂ ತನ್ನ ಪಾಡಿಗೆ ತಾನು, ಕಟ್ಟೆಯ ಮೇಲೆ ಸಂಜೆ ಕೂತ ಹೆಂಗಸರ ಹಾಗೆ, ದುಂಡಗೆ, ನೆಟ್ಟಗೆ, ಸ್ವಲ್ಪ ಅಂತರ ಬಿಟ್ಟು ಕೂತಿರುತ್ತವೆ.

ಈಚಿನ ವರ್ಷಗಳಲ್ಲಿ ಈ ದಾರಿಯ ಬೋರ್ಡುಗಳಿಗೆ ಒಂದು ಹೊಸ ಗಾಳಿ ಬೀಸಿದೆ. ಅಕ್ಷರವೆಲ್ಲ ಗುಂಡುಗುಂಡು, ತುದಿಗಳು ಒತ್ತಿ ಉಜ್ಜಿದಂತೆ ನುಣುಪು, ಎಲ್ಲಿಯೂ ಮೊನೆಯಿಲ್ಲ, ಮತ್ತು ಎಲ್ಲವೂ ಬಲಕ್ಕೆ ವಾಲಿಕೊಂಡಿವೆ. ಐಸ್‌ಕ್ರೀಮಿನ ಅಂಗಡಿ, ಮೊಬೈಲ್ ಅಂಗಡಿ, ಬ್ಯೂಟಿ ಪಾರ್ಲರು, ಕೋಚಿಂಗ್ ಕ್ಲಾಸು, ಕೊನೆಗೆ ದವಾಖಾನೆಯ ಬೋರ್ಡಿನಲ್ಲೂ ಇದೇ ಅಕ್ಷರ. ಎಲ್ಲರೂ ಕೂಡಿ ಬಸ್ ತಪ್ಪುತ್ತದೆಂದು ಓಡುತ್ತಿರುವ ಹಾಗೆ ಕಾಣುತ್ತದೆ. ನೋಡಲು ಚೆಂದವೇ. ಚೆಂದವಾಗಿರುವುದರಿಂದಲೇ ಇದರ ಬೆನ್ನು ಹತ್ತಬೇಕೆನಿಸಿತು.

ಇದರ ಮೂಲ ಇಂಗ್ಲಿಷ್ ಅಕ್ಷರದ್ದು. ಆ ಲಿಪಿಯ ಹಳೆಯ ಅಚ್ಚಕ್ಷರಗಳ ಕೈಕಾಲಿನ ತುದಿಗೆ ಸಣ್ಣ ಸಣ್ಣ ಕೊಕ್ಕೆಗಳಿರುತ್ತವೆ; ಅದಕ್ಕೆ ಸೆರಿಫ್ ಎನ್ನುತ್ತಾರೆ. ಆ ಕೊಕ್ಕೆ ತೆಗೆದುಹಾಕಿದ ಬೋಳು ಅಕ್ಷರದ ಅಚ್ಚನ್ನು ಮೊದಲು ಮಾಡಿದವನು ಲಂಡನ್ನಿನ ವಿಲಿಯಂ ಕ್ಯಾಸ್ಲನ್, ಆ ಮನೆತನದಲ್ಲಿ ಅದೇ ಹೆಸರಿನ ನಾಲ್ಕನೆಯವನು, 1816ರಲ್ಲಿ. ಬೋಳಕ್ಷರದ ತುದಿಯನ್ನು ದುಂಡಗೆ ಮಾಡುವ ರೂಢಿಗೆ ಕಾರಣ ಬಹಳ ಸಾದಾ. ಕುಂಚದ ತುದಿ ದುಂಡಗಿದ್ದರೆ, ಕೊರೆಯುವ ಯಂತ್ರದ ಮೊಳೆ ದುಂಡಗಿದ್ದರೆ, ಗೆರೆಯ ತುದಿಯೂ ದುಂಡಗೇ ಬರುತ್ತದೆ. 1979ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರಿನ ಕಂಪನಿ ತನಗಾಗಿಯೇ ಅಂಥದೊಂದು ದುಂಡುತುದಿಯ ಅಕ್ಷರ ಮಾಡಿಸಿತು. ಅದೇ ಅಕ್ಷರ ಮುಂದೆ ಆಪಲ್ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಬಹಳ ವರ್ಷ ಕೂತಿತ್ತು.

ಓರೆಯ ಕಥೆ ಇವೆಲ್ಲಕ್ಕಿಂತ ಹಳೆಯದು, ನನಗೆ ಹೆಚ್ಚು ಇಷ್ಟವಾದದ್ದೂ ಹೌದು. ವೆನಿಸ್ ನಗರದಲ್ಲಿ ಆಲ್ಡಸ್ ಮನುಷಿಯಸ್ ಎಂಬ ಪ್ರಕಾಶಕನಿದ್ದ. ಅವನ ಬಳಿ ಫ್ರಾನ್ಚೆಸ್ಕೊ ಗ್ರಿಫೊ ಎಂಬ ಅಚ್ಚು ಕೆತ್ತುವವನು. ಅಲ್ಲಿನ ಕಾರಕೂನರು ಬೇಗ ಬೇಗ ಬರೆಯುವಾಗ ಕೈ ಸಹಜವಾಗಿ ಬಲಕ್ಕೆ ವಾಲುತ್ತಿತ್ತು. ಆ ಕೈಬರಹವನ್ನೇ ಗ್ರಿಫೊ ಲೋಹದಲ್ಲಿ ಕೆತ್ತಿದ. 1501ರಲ್ಲಿ ಅದರಲ್ಲಿ ಇಡೀ ಪುಸ್ತಕ, ಲ್ಯಾಟಿನ್ ಕವಿ ವರ್ಜಿಲನದು, ಹೊರಬಂತು. ಆದರೆ ಆ ಅಕ್ಷರ ಮೊದಲು ಮುಖ ತೋರಿಸಿದ್ದು ಅದರ ಹಿಂದಿನ ವರ್ಷ. ಸಿಯೆನಾದ ಕ್ಯಾಥರೀನ್ ಎಂಬ ಸಂತಳ ಪತ್ರಗಳನ್ನು ಆಲ್ಡಸ್ 1500ರಲ್ಲಿ ಅಚ್ಚುಹಾಕಿದ. ಅದರ ಚಿತ್ರದಲ್ಲಿ ಅವಳ ಕೈಯಲ್ಲಿ ಒಂದು ಪುಸ್ತಕವಿದೆ, ಒಂದು ಹೃದಯವಿದೆ. ಆ ಪುಸ್ತಕದ ಮೇಲೂ ಹೃದಯದ ಮೇಲೂ ಇರುವ ನಾಲ್ಕಾರು ಮಾತು ಓರೆ ಅಕ್ಷರದಲ್ಲಿವೆ. ಇಟಾಲಿಕ್ ಎಂದು ನಾವು ಕಂಪ್ಯೂಟರಿನಲ್ಲಿ ಒತ್ತುವ ಗುಂಡಿಯ ಹಿಂದೆ ಒಬ್ಬ ಹೆಂಗಸಿನ ಪತ್ರಗಳಿವೆ ಎಂಬುದು ಗೊತ್ತಾದ ದಿನ ನನಗೆ ಏನೋ ಆಸ್ತಿ ಸಿಕ್ಕಂತಾಗಿತ್ತು. ಇನ್ನೊಂದು ಮಾತು: ಆಗ ಓರೆ ಎಂದರೆ ಒತ್ತಿ ಹೇಳುವುದಲ್ಲ, ಪುಸ್ತಕ ಪೂರ್ತಿ ಓರೆಯೇ. ನೆಟ್ಟಗಿನ ಸಾಲಿನ ನಡುವೆ ಒಂದು ಪದವನ್ನು ಮಾತ್ರ ಓರೆ ಮಾಡಿ ಇದನ್ನು ಗಮನಿಸಿ ಎನ್ನುವ ಪದ್ಧತಿ ಆಮೇಲೆ ಬಂದದ್ದು.

ಈಗ ನಮ್ಮ ಕನ್ನಡಕ್ಕೆ ಬರೋಣ. ದುಂಡಗಿರುವುದು, ಕೊಕ್ಕೆಯಿಲ್ಲದಿರುವುದು, ಓರೆಯಾಗಿರುವುದು, ಈ ಮೂರರಲ್ಲಿ ಮೊದಲಿನ ಎರಡು ನಮಗೆ ತೌರಿನಿಂದಲೇ ಬಂದಿವೆ. ತಾಳೆಗರಿಯ ಮೇಲೆ ಕಂಟದಿಂದ ಗೀರುತ್ತಿದ್ದ ಕಾಲದಲ್ಲಿ ಅಡ್ಡಕ್ಕೆ ನೇರ ಗೆರೆ ಎಳೆದರೆ ಗರಿಯ ನಾರಿನುದ್ದಕ್ಕೂ ಸೀಳು ಬಿಡುತ್ತದೆ. ಆದ್ದರಿಂದ ದಕ್ಷಿಣದ ಲಿಪಿಗಳು ದುಂಡಾದವು ಎಂದು ಬಲ್ಲವರು ಹೇಳುತ್ತಾರೆ. ತಲೆಕಟ್ಟು ಇದೆಯಲ್ಲ ಎಂದು ನೀವು ಕೇಳಬಹುದು. ಅದು ಕೊಕ್ಕೆಯಲ್ಲ, ಅಕ್ಷರದ ಅಂಗವೇ. ಕೊಕ್ಕೆ ತೆಗೆದರೆ ಇಂಗ್ಲಿಷ್ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ, ತಲೆಕಟ್ಟು ತೆಗೆದರೆ 'ಕ' ಅರ್ಧಕ್ಕೆ ನಿಂತ ಮಾತಿನ ಹಾಗೆ 'ಕ್' ಎನ್ನುವುದಕ್ಕೆ ಹೊರಡುತ್ತದೆ.

ಮೂರನೆಯದು, ಓರೆ, ನಮ್ಮದಲ್ಲ. ನಮಗೆ ಅದರ ಅಗತ್ಯವೂ ಅಷ್ಟಾಗಿ ಬಿದ್ದಿಲ್ಲ. ಇಂಗ್ಲಿಷಿನವರು ನಾನು ಎಂಬ ಪದವನ್ನು ಓರೆ ಮಾಡಿ ಏನನ್ನು ಹೇಳುತ್ತಾರೋ ಅದನ್ನು ನಾವು 'ನಾನೇ' ಎಂದು ಒಂದು ಏಕಾರ ಹಚ್ಚಿ ಹೇಳಿ ಮುಗಿಸುತ್ತೇವೆ. 'ಅವಳೇ ಅಂದಳು' ಎಂದರೆ ಬೇರೆ, 'ಅವಳು ಅಂದೇ ಅಂದಳು' ಎಂದರೆ ಬೇರೆ. ಜಗಳಕ್ಕೆ ಎರಡೂ ಬೇಕು. ಒತ್ತು ನಮ್ಮ ಅಕ್ಷರದ ನಿಲುವಿನಲ್ಲಿಲ್ಲ, ಮಾತಿನ ಬಾಲದಲ್ಲಿದೆ. ಅದೂ ಸಾಲದಾದರೆ ದಪ್ಪಕ್ಷರವಿತ್ತು. ಮದುವೆ ಪತ್ರಿಕೆಯಲ್ಲಿ ಕೆಂಪು ಶಾಯಿಯಿತ್ತು. ಮೊಳೆ ಜೋಡಿಸುವ ಅಚ್ಚುಕೂಟದ ಕಾಲದಲ್ಲಿ ಓರೆ ಕನ್ನಡ ಬೇಕೆಂದರೆ ಓರೆಯ ಮೊಳೆಗಳನ್ನೇ ಬೇರೆಯಾಗಿ ಕೆತ್ತಿ ಎರಕ ಹೊಯ್ಯಬೇಕಿತ್ತು. ನಮ್ಮಲ್ಲಿ ಒಂದೊಂದು ವ್ಯಂಜನಕ್ಕೂ ಗುಣಿತ, ಒತ್ತು ಎಲ್ಲ ಸೇರಿ ಮೊಳೆಗಳ ಸಂಸಾರವೇ ದೊಡ್ಡದು. ಅಷ್ಟು ಖರ್ಚು ಯಾರು ಮಾಡುತ್ತಾರೆ? ನಾನು ಶಾಲೆಯಲ್ಲಿ ಓದಿದ ಪುಸ್ತಕಗಳಲ್ಲಿ ಓರೆ ಕನ್ನಡ ಕಂಡ ನೆನಪಿಲ್ಲ.

ಕಂಪ್ಯೂಟರು ಬಂದು ಆ ಖರ್ಚು ತಪ್ಪಿಸಿತು. 1998ರಲ್ಲಿ ಬರಹ ಬಂತು, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಒಂದು ಗುಂಡಿ ಒತ್ತಿದರೆ ಇಡೀ ಪುಟ ಬಲಕ್ಕೆ ವಾಲಿತು. ಆದರೆ ಯಂತ್ರ ಓರೆ ಮಾಡುವುದು ಹೇಗೆ ಗೊತ್ತೆ? ಹೊಸದಾಗಿ ಬರೆಯುವುದಿಲ್ಲ. ಜೋಡಿಸಿಟ್ಟ ರೊಟ್ಟಿಯ ಗುಪ್ಪೆಯನ್ನು ಪಕ್ಕದಿಂದ ದೂಡಿದರೆ ಮೇಲಿನ ರೊಟ್ಟಿ ಹೆಚ್ಚು ಸರಿದು ಕೆಳಗಿನದು ಇದ್ದಲ್ಲೇ ಇರುತ್ತದಲ್ಲ, ಹಾಗೆ ದೂಡುತ್ತದೆ. ನೆಟ್ಟನೆಯ ಕಂಬಗಳಿರುವ ಇಂಗ್ಲಿಷ್ ಅಕ್ಷರ ಈ ದೂಡುವಿಕೆಯನ್ನು ಅಷ್ಟಿಷ್ಟು ತಡೆದುಕೊಳ್ಳುತ್ತದೆ. ದುಂಡನೆಯದು ತಡೆಯುವುದಿಲ್ಲ. ಸೊನ್ನೆ ಒಂದನ್ನು ಓರೆ ಮಾಡಿ ನೋಡಿ: ಮೇಲಿನ ಬಲ ಮೂಲೆ, ಕೆಳಗಿನ ಎಡ ಮೂಲೆ ಊದಿಕೊಳ್ಳುತ್ತವೆ, ಉಳಿದೆರಡು ಕಡೆ ಗೆರೆ ಸಣಕಲಾಗುತ್ತದೆ. ಒಂದೇ ದಪ್ಪದ ಬಳೆ ಯಾರದೋ ಕಾಲಡಿ ಸಿಕ್ಕಂತೆ. ಕನ್ನಡದಲ್ಲಿ ಅಕ್ಷರವೆಲ್ಲ ಬಳೆಯೇ ಆಗಿರುವಾಗ ಸಾಲು ಪೂರ್ತಿ ಸೊಟ್ಟಬಳೆಗಳ ಸಾಲಾಗುತ್ತದೆ. ಬುಡದಲ್ಲಿರುವ ಒತ್ತಕ್ಷರದ ಪಾಡು ಇನ್ನೊಂದು ಬಗೆ. ಅಕ್ಷರದ ತಲೆ ಬಲಕ್ಕೆ ಹೋದಾಗ ಕೆಳಗಿನದು ಎಡಕ್ಕೆ ಜಾರುತ್ತದೆ. 'ಅಕ್ಕ' ಎಂದು ಬರೆದರೆ ಎರಡನೆಯ ಕಕಾರ ತನ್ನ ಅಕ್ಕನ ಬಲಗಡೆ ಬುಡದಲ್ಲಿ ಕೂಡುವುದನ್ನು ಬಿಟ್ಟು ಹಿಂದೆ ಸರಿದು ಯಾರ ಮಗು ಎಂದು ತಿಳಿಯದ ಹಾಗೆ ನಿಲ್ಲುತ್ತದೆ.

ಇದಕ್ಕೂ ಮಿಗಿಲಾದದ್ದು ಮಹಾಪ್ರಾಣದ ಸಂಕಟ. 'ದ'ಕ್ಕೂ 'ಧ'ಕ್ಕೂ, 'ಪ'ಕ್ಕೂ 'ಫ'ಕ್ಕೂ, 'ಡ'ಕ್ಕೂ 'ಢ'ಕ್ಕೂ ಇರುವ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳು, ಅಷ್ಟೆ. ಅಕ್ಷರವನ್ನು ದಪ್ಪ ಮಾಡಿ, ತುದಿಗಳನ್ನು ದುಂಡಗೆ ತುಂಬಿಸಿ, ಮೇಲೆ ಓರೆಯನ್ನೂ ಮಾಡಿದರೆ ಆ ಸೀಳು ಮುಚ್ಚಿಹೋಗುತ್ತದೆ. ಧನಲಕ್ಷ್ಮಿ ಎಂದು ದುಡ್ಡು ಕೊಟ್ಟು ಬರೆಸಿದ ಬೋರ್ಡು ಹತ್ತು ಹೆಜ್ಜೆ ಹಿಂದೆ ನಿಂತವರಿಗೆ ದನಲಕ್ಷ್ಮಿಯಾಗುತ್ತದೆ. ನಮ್ಮ ಕಡೆ ದನಕ್ಕೂ ಧನಕ್ಕೂ ಬಹಳ ಅಂತರವಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು, ಅದು ಬೇರೆ ಮಾತು. ದವಾಖಾನೆಯ ಬೋರ್ಡಿನಲ್ಲಿ, ಔಷಧಿಯ ಚೀಟಿಯಲ್ಲಿ ಹೀಗಾದರೆ ಸಮಾಧಾನಕ್ಕೆ ದಾರಿಯಿಲ್ಲ.

ಓದು ಬಲ್ಲವರಿಗೆ ಇದು ಗೊತ್ತೇ ಆಗುವುದಿಲ್ಲ. ಅವರು ಅಕ್ಷರ ಓದುವುದಿಲ್ಲ, ಪದದ ಆಕಾರ ಕಂಡು ಮುಂದೆ ಸಾಗುತ್ತಾರೆ. ಗೊತ್ತಾಗುವುದು ನಮ್ಮ ಅತ್ತೆಯಂಥವರಿಗೆ. ಮೆಹಕರದ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಮನೆಯಲ್ಲಿ ಅಕ್ಷರಕ್ಕೆ ಬರವಿತ್ತೆಂದಲ್ಲ. ಅವರ ಮಾವ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರು, ಮನೆಯ ಲೆಕ್ಕಪತ್ರ ಮೋಡಿಯಲ್ಲಿ, ಅಂದರೆ ಲೇಖಣಿ ಎತ್ತದೆ ಓಡಿಸುವ ಆ ಮರಾಠಿ ಬರಹದಲ್ಲಿ, ಬರೆಯುತ್ತಿದ್ದರು. ಪೆಟ್ಟಿಗೆಯಲ್ಲಿ ಆ ಕಾಗದಗಳು ಈಗಲೂ ಇವೆ. ಓದಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ. ಅಕ್ಷರ ಗಂಡಸರ ಪೆಟ್ಟಿಗೆಯಲ್ಲಿತ್ತು, ಬೀಗದ ಕೈ ಹೆಂಗಸರಿಗೆ ಸಿಕ್ಕಿರಲಿಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, ಮುಂದಿನ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ರಾತ್ರಿ ಕ್ಲಾಸುಗಳು ಬಂದಾಗ, ನಲವತ್ತು ದಾಟಿದ ಅತ್ತೆ ಒಲೆ ಆರಿಸಿ, ಸೆರಗು ಹೊದ್ದು, ಸ್ಲೇಟು ಬಗಲಲ್ಲಿಟ್ಟುಕೊಂಡು ಹೋದರು. ಮೊದಲು ಕಲಿತದ್ದು 'ರ'. ಅದು ಸುಲಭವಂತೆ, ಚಕ್ಕುಲಿ ಮುರಿದಂತೆ ಬರೆದರೆ ಆಯಿತು. 'ಕ'ದ ಹೊಟ್ಟೆಯ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಎಂಟು ದಿನ ಹಿಡಿಯಿತೆಂದು ಹೇಳುತ್ತಾರೆ. ಆ ಪುಸ್ತಕದ ಅಕ್ಷರ ದೊಡ್ಡದು, ನೆಟ್ಟಗಿನದು. ಅವರ ಕಣ್ಣಿನಲ್ಲಿ ಅಕ್ಷರವೆಂದರೆ ಅದೇ ಇಂದಿಗೂ. ಬೆರಳನ್ನು ಗಾಳಿಯಲ್ಲಾಡಿಸಿ ಅಕ್ಷರದ ಮೇಲೆ ತಿದ್ದಿದಂತೆ ಮಾಡಿ ಓದುತ್ತಾರೆ.

ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಅವರೊಡನೆ ನಿಂತರೆ ಇದರ ಬೆಲೆ ತಿಳಿಯುತ್ತದೆ. ಯಾರನ್ನೂ ಕೇಳದೆ, ಬಸ್ಸಿನ ಮುಂದೆ ಹೋಗಿ, ಬೆರಳಾಡಿಸಿ, 'ಮೆ, ಹ, ಕ, ರ' ಎಂದು ಓದಿ ಹತ್ತುತ್ತಾರೆ. ಗಡಿಯಾಚೆ ಬುಲಢಾಣಾ ಜಿಲ್ಲೆಯಲ್ಲಿ ಲೋಣಾರ ಸರೋವರದ ಹತ್ತಿರ ಇನ್ನೊಂದು ಮೆಹಕರವಿದೆ, ತಾಲೂಕಿನ ಊರು, ನಮ್ಮದಕ್ಕಿಂತ ದೊಡ್ಡದು. ಮರಾಠಿಯಲ್ಲಿ ಬರೆದರೆ ಎರಡಕ್ಕೂ ಅದೇ ನಾಲ್ಕಕ್ಷರ. ನಮ್ಮ ಮೆಹಕರ ಯಾವುದೆಂದರೆ ಕನ್ನಡದಲ್ಲಿ ಬರೆದದ್ದು ಎಂದು ಅತ್ತೆ ನಗುತ್ತಾರೆ. ಅಂಥವರು ಒಮ್ಮೆ ಒಂದು ಹೊಸ ಬೋರ್ಡಿನೆದುರು ಬಹಳ ಹೊತ್ತು ನಿಂತು, "ಇವ್ಯಾಕವ್ವ ಹಿಂಗ ಬೀಳ್ಲತಾವ? ಹಿಡೀಲಾಕ ಯಾರೂ ಇಲ್ಲೇನು?" ಎಂದರು. ಕೂಲ್‌ಡ್ರಿಂಕ್ಸ್ ಅಂಗಡಿಯ ದುಂಡು ಓರೆ ಅಕ್ಷರಗಳು ಅವರ ಮಟ್ಟಿಗೆ ಅಕ್ಷರವಾಗಿರಲಿಲ್ಲ, ಚಿತ್ರವಾಗಿದ್ದವು.

ಬೋರ್ಡಿನ ಮೇಲಿನ ಅಕ್ಷರ ನಮ್ಮ ಸೀಮೆಯಲ್ಲಿ ಎಂದೂ ಬರೀ ಅಲಂಕಾರವಾಗಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಹೊರಗಿನ ಅಕ್ಷರ ಒಳಗಿನ ಅಕ್ಷರವನ್ನು ಕಾಯ್ದ ಕಾಲವದು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ ಕನ್ನಡ ರಾಜ್ಯಕ್ಕೆ ಸೇರಿತು. ಉರ್ದುವಿನ ಓರೆಗೆ ನನ್ನಲ್ಲಿ ಯಾವ ಕೋಪವೂ ಇಲ್ಲವೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಲಿಪಿಗೆ ಇಳಿಜಾರು ಹುಟ್ಟುಗುಣ. ಅದು ಓರೆಯಾಗಿದ್ದರೇ ಚೆಲುವು. 1472ರಲ್ಲಿ ಮಹಮೂದ ಗವಾನ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಿಂತರೆ ಬಣ್ಣದ ಹೆಂಚಿನಲ್ಲಿ ಕೂಡಿಸಿದ ಅರಬ್ಬಿ ಅಕ್ಷರಗಳನ್ನು ಓದಲು ಬಾರದಿದ್ದರೂ ಕಣ್ಣು ಕೀಳಲಾಗುವುದಿಲ್ಲ. ಯಾವ ಲಿಪಿಗೆ ಯಾವ ನಡಿಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಯನ್ನು ನೀವು ನೋಡಿರದಿದ್ದರೆ ಒಮ್ಮೆ ಹೋಗಿಬನ್ನಿ. ಅಲ್ಲಿನ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತಿದ್ದಾಳೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ. ಅವನು ಆಳಿದ್ದು 1076ರಿಂದ 1126ರವರೆಗೆ. ಬರೆಯುವ ಹೆಂಗಸನ್ನು ಕಲ್ಲಿನಲ್ಲಿ ಕಡೆಯಬೇಕೆಂದು ಆ ಶಿಲ್ಪಿಗೆ ತೋಚಿತಲ್ಲ ಎಂಬುದೇ ನನಗೆ ದೊಡ್ಡ ಸಂಗತಿ. ಅವಳು ಮೂರು ಕಡೆ ಬಳುಕಿ ನಿಂತಿದ್ದಾಳೆ. ಸೊಂಟ ಒಂದು ಕಡೆ, ಹೆಗಲು ಒಂದು ಕಡೆ. ಬರೆದ ಅಕ್ಷರ ಮಾತ್ರ ನೆಟ್ಟಗಿದೆ. ಅಷ್ಟು ಬಳುಕಿ ನಿಂತು ಇಷ್ಟು ನೆಟ್ಟಗೆ ಬರೆಯುವುದು ಯಾವ ಹೆಂಗಸಿಗೂ ಸಾಧ್ಯವಿಲ್ಲ ಎಂದು ಜೊತೆಗೆ ಬಂದಿದ್ದ ನನ್ನ ನೆಗೆಣ್ಣಿ ಅಂದಳು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆದವಳು ಅವಳೇ.

ಓರೆ ಅಕ್ಷರದ ಪರವಾಗಿ ನನ್ನೆದುರು ವಾದಿಸಿದವರು ಮೆಹಕರದ ಕಡೆ ಬೋರ್ಡು ಬರೆಯುತ್ತಿದ್ದ ಪೇಂಟರ್ ಕಾಕಾ. ಫ್ಲೆಕ್ಸು ಬಂದ ಮೇಲೆ ಅವರ ಕೆಲಸ ಅರ್ಧಕ್ಕರ್ಧ ನಿಂತಿತು, ಗುಡಿಯ ಬಾಗಿಲಿಗೆ ಬಣ್ಣ ಬಳಿಯುವುದಕ್ಕೆ ಇಳಿದರು. ಆದರೆ ಅಕ್ಷರದ ಮಾತು ತೆಗೆದರೆ ಚಹಾ ಆರಿಹೋಗುವವರೆಗೆ ಮಾತಾಡುತ್ತಾರೆ. "ಬಾಯಿ, ನೆಟ್ಟಗ ಬರದರ ಬಾಗಲ ಚೌಕಟ್ಟು ಬಾಜೂಕೇ ಇರ್ತದ. ಅಕ್ಷರ ಒಂದೀಟು ಸೊಟ್ಟಾದರ ಚೌಕಟ್ಟು ಚಾಡಿ ಹೇಳ್ತದ. ವಾರಿ ಬರದರ ಚಾಡಿ ಹೇಳೋರೇ ಇಲ್ಲ," ಎಂದರು. ಇಷ್ಟು ಚೊಕ್ಕವಾದ ಕಾರಣವನ್ನು ನಾನು ಎಲ್ಲಿಯೂ ಓದಿರಲಿಲ್ಲ. ಕೈ ಬೇಗ ಓಡುತ್ತದೆ, ಕುಂಚದ ದುಂಡು ತುದಿ ತಾನಾಗಿಯೇ ದುಂಡಗೆ ನಿಲ್ಲುತ್ತದೆ, ನಾಲ್ಕು ಅಕ್ಷರದ ಹೆಸರು ಉದ್ದ ಬೋರ್ಡು ತುಂಬುತ್ತದೆ, ಸೈಕಲ್ ಅಂಗಡಿಗೂ ಟೆಂಪೋಗೂ ಓಡುವ ಲಕ್ಷಣ ಬರುತ್ತದೆ. ಸುಣ್ಣದ ದಾರ ಬಡಿದು ಎರಡು ಗೆರೆ ಹಾಕಿಕೊಂಡು, ಓರೆಗೆ ಬೇರೆ ಗೆರೆಯಿಲ್ಲದೆ, ಅವರು 'ರ' ಬರೆಯುವುದನ್ನು ನಾನು ನೋಡಿದ್ದೇನೆ. ವಾಲಿದ್ದರೂ ಅದರ ಹೊಟ್ಟೆ ಸೊಟ್ಟಾಗಿರಲಿಲ್ಲ. ಕೈ ವಾಲುತ್ತಿದ್ದ ಹಾಗೇ ಸುತ್ತನ್ನೂ ಸರಿಮಾಡಿಕೊಳ್ಳುತ್ತದೆ. ಒತ್ತನ್ನು ಬೇಕಾದಷ್ಟು ಬಲಕ್ಕೆ ತಂದು ಕೂಡಿಸುತ್ತದೆ. ಯಂತ್ರದ ಓರೆಗೂ ಕೈಯ ಓರೆಗೂ ಇರುವ ಅಂತರ ಅಂದು ಕಂಡಿತು.

2024ರಲ್ಲಿ ಬೋರ್ಡುಗಳಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು ಕಾಯ್ದೆಗೆ ತಿದ್ದುಪಡಿಯಾಯಿತು. ಶೇಕಡ 60 ಎಂದರೆ ಜಾಗದ ಲೆಕ್ಕ. ಓದಲು ಬರುತ್ತದೆಯೇ ಎಂಬ ಲೆಕ್ಕವನ್ನು ಯಾವ ಅಳತೆಪಟ್ಟಿಯಿಂದ ಅಳೆಯುವುದು? ನಮ್ಮ ದಾರಿಯಲ್ಲಿ ಕನ್ನಡ ದೊಡ್ಡದಾಗಿದೆ, ಸಂತೋಷ. ಆದರೆ ಕೆಲವೆಡೆ ಮೊದಲು ಸಣ್ಣದಾಗಿದ್ದಾಗ ಓದಲು ಬರುತ್ತಿದ್ದುದು ದೊಡ್ಡದಾದ ಮೇಲೆ ಬರದಂತಾಗಿದೆ.

ಇದೇ ಸಮಯಕ್ಕೆ ಮೆಹಕರದಲ್ಲಿ ಅತ್ತೆ ಇರುವ ಹೆಂಗಸರ ಸಂಘಕ್ಕೆ ಬೋರ್ಡು ಬರೆಸುವ ಮಾತು ಬಂತು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಗಳಲ್ಲಿ ಹುಟ್ಟಿಕೊಂಡ ಸಂಘಗಳಲ್ಲಿ ಒಂದು. ವಾರವಾರ ಹಣ ಕೂಡಿಸಿ, ಸಾಲ ಕೊಟ್ಟು, ವಸೂಲಿ ಮಾಡಿ, ಜಗಳವಾಡಿ, ಇಷ್ಟು ವರ್ಷ ನಡೆದುಬಂದಿದೆ. ಅಂತೂ ಒಂದು ಕೋಣೆ ಸಿಕ್ಕಿತ್ತು. ಭಾವನ ಮಗ ಮೊಬೈಲಿನಲ್ಲೇ ಬೋರ್ಡು ತಯಾರಿಸಿ ತಂದ. "ಕಾಕು, ಹೆಂಗದ ನೋಡ್ರಿ," ಎಂದ. ನೋಡಿದೆ. ಅದೇ ದುಂಡು, ದಪ್ಪ, ಓರೆ ಅಕ್ಷರ. ಸಂಘದ ಹೆಸರಿನಲ್ಲಿ ಒಂದು 'ಧಾ' ಇತ್ತು, ಒಂದು 'ಕ್ಷ್ಮಿ' ಇತ್ತು. ಇವೆರಡೂ ಏನಾಗಿದ್ದವೆಂದು ನೀವೇ ಊಹಿಸಿ.

ಅಕ್ಷರದ ಹೆಸರೇನೋ ಎಂದು ಕೇಳಿದೆ. "ಬಾಲೂ ತಮ್ಮ," ಎಂದ. ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ತಮಾಷೆಯಲ್ಲ. ಮುಂಬಯಿಯ ಏಕ್ ಟೈಪ್ ಎಂಬ ತಂಡ 2016ರಲ್ಲಿ ಹೊರತಂದು ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟ ಅಕ್ಷರ. ಕಾಡಿನ ಕಥೆಯ ಬಾಲೂ ಕರಡಿಯ ಹೆಸರು. ಕನ್ನಡಕ್ಕೆ ಬಾಲೂ ತಮ್ಮ, ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ, ಮಲಯಾಳಕ್ಕೆ ಚೇಟ್ಟನ್, ಗುಜರಾತಿಗೆ ಭಾಯಿ, ಪಂಜಾಬಿಗೆ ಪಾಜಿ, ಬಂಗಾಳಿಗೆ ದಾ. ದೇಶದ ಅಣ್ಣತಮ್ಮಂದಿರೆಲ್ಲ ಬಂದಿದ್ದಾರೆ, ಒಬ್ಬ ಅಕ್ಕನಿಲ್ಲ, ಒಬ್ಬ ತಂಗಿಯಿಲ್ಲ! ಇರಲಿ. ಅಕ್ಷರ ಮಾತ್ರ ಅಚ್ಚುಕಟ್ಟಾದದ್ದು, ಕರಡಿಮರಿಯ ಹಾಗೆ ತುಂಬಿದ ಮೈ, ಮತ್ತು ಮಾಡಿದವರು ಅದನ್ನು ನೆಟ್ಟಗೇ ಮಾಡಿದ್ದಾರೆ, ಓರೆಯ ರೂಪವನ್ನು ಮಾಡಿಯೇ ಇಲ್ಲ. ಮೊಬೈಲು ಅದನ್ನು ದೂಡಿ ಓರೆ ಮಾಡಿತ್ತು. ಇನ್ನೂ ತೆಳ್ಳಗಿನದು ಬೇಕೆಂದರೆ ಹುಬ್ಬಳ್ಳಿ ಎಂಬ ಹೆಸರಿನ ಅಕ್ಷರವೂ ಇದೆ. ಎಲ್ಲ ಕಡೆ ಒಂದೇ ದಪ್ಪದ ಗೆರೆಯದು, ಎರಿನ್ ಮೆಕ್‌ಲಾಫ್ಲಿನ್ ಎಂಬ ಮಹಿಳೆ ಮಾಡಿದ್ದು. ಅಂತೂ ಒಬ್ಬ ಅಕ್ಕ ಸಿಕ್ಕಳು.

ಹುಡುಗನ ಉತ್ಸಾಹ ಮುರಿಯುವ ಮನಸ್ಸಾಗಲಿಲ್ಲ. ಇಂಗ್ಲೆಂಡಿನ ರೋಸ್‌ಮೇರಿ ಸಾಸೂನ್ ಎಂಬಾಕೆಯ ಬಗ್ಗೆ ಓದಿದ್ದು ನೆನಪಾಯಿತು. ಮಕ್ಕಳ ಓದಿಗೆ ಎಂಥ ಅಕ್ಷರ ಬೇಕೆಂದು ದೊಡ್ಡವರೇ ತೀರ್ಮಾನಿಸುತ್ತಿದ್ದಾಗ, ಈಕೆ 1980ರ ದಶಕದಲ್ಲಿ ಮಕ್ಕಳನ್ನೇ ಕೇಳಿದರು. ಆ ಉತ್ತರದ ಮೇಲೆ ಏಡ್ರಿಯನ್ ವಿಲಿಯಮ್ಸರ ಜೊತೆ ಸೇರಿ ಅಕ್ಷರ ರೂಪಿಸಿದರು. ಮಕ್ಕಳು ಆರಿಸಿದ್ದು ಏನು ಗೊತ್ತೆ? ತಲೆಯಲ್ಲಿ ಕೊಕ್ಕೆಯಿಲ್ಲದ, ಬುಡದಲ್ಲಿ ಸಣ್ಣ ಬಾಲವಿರುವ, ಮತ್ತು ಕೊಂಚವೇ ಕೊಂಚ ಓರೆಯಾದ ಅಕ್ಷರ. ಓರೆಯ ಮೇಲೆ ನಾನು ಕಟ್ಟಿಕೊಂಡಿದ್ದ ಮೊಕದ್ದಮೆ ಇದರಿಂದ ಅರ್ಧ ಬಿದ್ದುಹೋಗುತ್ತದೆ. ಆದರೆ ಅದು ಇಂಗ್ಲಿಷ್ ಅಕ್ಷರ, ಮತ್ತು ಆ ಓರೆಯನ್ನು ಒಬ್ಬಾಕೆ ಕೂತು ಬರೆದದ್ದು, ದೂಡಿದ್ದಲ್ಲ. ನಾವೂ ಓದುವವರನ್ನೇ ಕೇಳೋಣ ಎಂದೆ.

ಭಾಲ್ಕಿಯಲ್ಲಿ ಅದೇ ಹೆಸರನ್ನು ಮೂರು ಬಗೆಯಲ್ಲಿ ದೊಡ್ಡ ಹಾಳೆಯಲ್ಲಿ ತೆಗೆಸಿಕೊಂಡು ಹೋದೆವು. ಒಂದು ಓರೆಯ ಬಾಲೂ ತಮ್ಮ, ಒಂದು ನೆಟ್ಟಗಿನ ಬಾಲೂ ತಮ್ಮ, ಒಂದು ಸಾದಾ ಪುಸ್ತಕದ ಅಕ್ಷರ. ಬೇವಿನ ಮರಕ್ಕೆ ಒಂದೊಂದಾಗಿ ಅಂಟಿಸಿ, ರಸ್ತೆಯ ಆಚೆ ಕಡೆಯಿಂದ ಓದಲು ಹೇಳಿದೆವು. ಕಾಲೇಜಿಗೆ ಹೋಗುವ ಹುಡುಗಿಯರು ಮೂರನ್ನೂ ಹಾಡಿದಂತೆ ಓದಿದರು, ಓರೆಯದೇ ಚೆಂದ ಎಂದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು ಓರೆಯದರಲ್ಲಿ 'ಕ್ಷ್ಮಿ'ಯ ಹತ್ತಿರ ಬಂದು ನಿಂತರು. ರಾತ್ರಿ ಶಾಲೆಯವರು, ಅತ್ತೆಯ ಓರಗೆಯವರು ಮೂವರಿದ್ದರು. ಅವರಲ್ಲಿ ಒಬ್ಬರು ಓರೆ ಹಾಳೆಯನ್ನು ನೋಡಿ, ಏನೂ ಓದದೆ, "ನನ್ನ ಚಷ್ಮಾ ಮನ್ಯಾಗ ಅದ," ಎಂದರು. ಎರಡನೆಯ ಹಾಳೆ ಅಂಟಿಸಿದಾಗ ಅದೇ ಕಣ್ಣಿನಿಂದ ಹೆಸರು ಪೂರ್ತಿ ಓದಿದರು. ಯಾರೂ ನಗಲಿಲ್ಲ. ಓದಲು ಬರದಾಗ ಹೆಂಗಸರು ಚಷ್ಮಾದ ಮೇಲೆ ಹಾಕುವ ಆ ಸುಳ್ಳು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದದ್ದು.

ಒಂದು ಸಂಗತಿ ನನಗೆ ಅಚ್ಚರಿ ತಂದಿತು. ಸಾದಾ ಪುಸ್ತಕದ ಅಕ್ಷರವೇ ಅವರಿಗೆ ಹಿಡಿಸುತ್ತದೆಂದುಕೊಂಡಿದ್ದೆ. ಹಾಗಾಗಲಿಲ್ಲ. ಅತ್ತೆ ನೆಟ್ಟಗಿನ ದುಂಡು ಬಾಲೂವನ್ನೇ ಆರಿಸಿದರು. "ಇವು ಉಂಡಿ ಕಟ್ಟಿ ಇಟ್ಟಂಗ ಅವ. ಹಸಿದವರಿಗಿ ಕೈಗಿ ಸಿಗ್ತಾವ," ಎಂದರು. ಒಂದೇ ಷರತ್ತು, 'ಧಾ'ದ ಸೀಳು ಕಾಣಬೇಕು. ಹುಡುಗ ಒಂದು ಮೆಟ್ಟಿಲು ತೆಳ್ಳಗಿನ ಬಾಲೂವನ್ನು ಹುಡುಕಿದ. ಸೀಳು ಕಂಡಿತು.

ಆ ಹಾಳೆಯನ್ನು ಮಾದರಿಯಾಗಿಟ್ಟುಕೊಂಡು ಗೋಡೆಯ ಮೇಲೆ ಬರೆದದ್ದು ಪೇಂಟರ್ ಕಾಕಾ. ಫ್ಲೆಕ್ಸು ಎರಡು ಬೇಸಿಗೆಗೆ ಬಿಳಿಚಿಕೊಳ್ಳುತ್ತದೆ, ಎಣ್ಣೆಬಣ್ಣ ನಾಲ್ಕಾರು ವರ್ಷ ತಡೆಯುತ್ತದೆ ಎಂದು ಸಂಘದವರೇ ಲೆಕ್ಕ ಹಾಕಿದ್ದರು. ಹೆಸರು, ಊರು, ತಾಲೂಕು, ಜಿಲ್ಲೆ, ಎಲ್ಲ ನೆಟ್ಟಗೆ, ದುಂಡಗೆ, ನೀಲಿಯಲ್ಲಿ ಬರೆದರು. ಬರೆದು ಮುಗಿಸಿ ಕೆಳಗೆ ಖಾಲಿ ಉಳಿದ ಗೇಣು ಜಾಗವನ್ನೇ ನೋಡುತ್ತ ನಿಂತರು. "ಬಾಯಿ, ಇಲ್ಲೊಂದು ಸಾಲ ವಾರಿ ಬರೀಲೇನು?" ಎಂದು ಕೇಳಿದರು. ಸಂಘದವರು ಒಬ್ಬರ ಮುಖ ಒಬ್ಬರು ನೋಡಿದರು. ಬರೀರಿ ಎಂದರು ಅತ್ತೆ. 'ಎಲ್ಲರಿಗೂ ಸ್ವಾಗತ' ಎಂದು ಕೆಂಪಿನಲ್ಲಿ, ಒಂದೇ ಉಸಿರಿನಲ್ಲಿ, ಬಲಕ್ಕೆ ವಾಲಿಸಿ ಬರೆದರು. 'ಲ್ಲ'ದ ಒತ್ತು ಅದಿರಬೇಕಾದ ಜಾಗದಲ್ಲೇ ಕೂತಿತ್ತು.

ಬಣ್ಣ ಒಣಗಿದ ಮೇಲೆ ಅತ್ತೆ ರಸ್ತೆಯ ಆಚೆ ನಿಂತು ಬೆರಳಾಡಿಸಿ ಓದಿದರು. ಹೆಸರು ಓದಿದರು, ಮೆಹಕರ ಓದಿದರು, ಭಾಲ್ಕಿ ಓದಿದರು, ಬೀದರ ಓದಿದರು. ಕೆಂಪು ಸಾಲಿಗೆ ಬಂದಾಗ ಬೆರಳು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ತಲೆಯನ್ನು ಬಲಕ್ಕೆ ಸ್ವಲ್ಪ ವಾಲಿಸಿದರು, ಅಕ್ಷರ ಎಷ್ಟು ವಾಲಿತ್ತೋ ಅಷ್ಟು. "ಎ... ಲ್ಲ... ರಿ..." ಎಂದು ಶುರು ಮಾಡಿದರು.